ಟಾಂಗಾ ಕುದುರೆ ಎದೆ ಮೇಲಿನ ಗಡ್ಡೆ ವಾಪಸ್ ಬಂದಿದೆ: ಕೊಯ್ಸೋದಾ, ಬೇರೆ ದಾರಿ ಇದೆಯಾ? ಅನುಭವ ಇದ್ದವರು ಹೇಳಿ

ಟಾಂಗಾ_ಅಗ್ರಹಾರ
ಆರು ವರ್ಷದ ಕಂದು ಕುದುರೆ, ಹಿಡ ಮಾಡಿಸಿದ್ದು, ತೂಕ ಸುಮಾರು 300 ಕೆಜಿ. ಎದೆಪಟ್ಟಿ ಉಜ್ಜೋ ಜಾಗದಲ್ಲಿ ಗಡ್ಡೆ ಇತ್ತು, ಹೋದ ವರ್ಷ ಕೊಯ್ಸಿದ್ವಿ. ಈಗ ಅದೇ ಹೊಲಿಗೆ ಗೆರೆ ಮೇಲೆ ಮೂರು ಗಂಟು ಎದ್ದಿವೆ, ಒಂದರ ತುದಿ ಒಡೆದು ರಕ್ತ ಒಸರ್ತಿದೆ. ಆಗ ತುಂಡು ಪರೀಕ್ಷೆಗೆ ಕಳಿಸಿರಲಿಲ್ಲ. ನೋಡಿದವರೆಲ್ಲ ಸಾರ್ಕಾಯ್ಡ್ (ವೈರಸ್ಸಿಂದ ಬರೋ ಚರ್ಮದ ಗಡ್ಡೆ) ಅಂತಾರೆ. ದಸರಾ ಸೀಸನ್‌ಗೆ ಗಾಡಿ ಕಟ್ಟಬೇಕು. ಏನು ಮಾಡ್ಸಿದ್ರೆ ಒಳ್ಳೇದು?

ಲಾಯ_ನಜರ್‌ಬಾದ್
ಅಣ್ಣಾ, ಕೊಯ್ಸಿದ್ದು ತಪ್ಪಲ್ಲ, ಕೊಯ್ದ ರೀತಿ ತಪ್ಪು. ಕಣ್ಣಿಗೆ ಕಾಣೋಷ್ಟನ್ನೇ ಬುಡಕ್ಕೆ ಕತ್ತರಿಸಿದ್ರೆ ಸಾರ್ಕಾಯ್ಡ್ ವಾಪಸ್ ಬರದೇ ಇನ್ನೇನಾಗುತ್ತೆ? ದನದ ನರಹುಲಿ ವೈರಸ್ಸು ಸುತ್ತಲಿನ ಒಳ್ಳೇ ಚರ್ಮದಲ್ಲೂ ಕೂತಿರುತ್ತೆ. ನಮ್ಮ ಹೆಣ್ಣುಗುದುರೆ ತೊಡೆಸಂದಿದು ತೆಗೆದಿದ್ದು ಹೀಗೆ. ಮೊದಲು ಗಡ್ಡೆ ಮೇಲೆ ಗಾಜ್ ಮುಚ್ಚಿ ಅಂಚಿಗೆ ಹೊಲಿದುಬಿಟ್ರು, ಒಡೆದ ಮುಖದಿಂದ ಏನೂ ಗಾಯಕ್ಕೆ ಬೀಳಬಾರದು ಅಂತ. ಸುತ್ತ 2 ಸೆಂ.ಮೀ. ಬಿಟ್ಟು ಮಾರ್ಕರ್‌ನಲ್ಲಿ ಗೆರೆ. ಜಾಗ ಮರಗಟ್ಟಿಸೋ ಲಿಗ್ನೊಕೇನ್ ಇಂಜೆಕ್ಷನ್ ಗೆರೆಯಿಂದ ಆಚೆಗೇ, ಗಡ್ಡೆಯೊಳಗೆ ಹಾದ ಸೂಜಿ ಒಳ್ಳೇ ಚರ್ಮಕ್ಕೆ ಬರಲೇಬಾರದು. ಚರ್ಮ ಸುತ್ತ ಸೀಳಿದ ಬ್ಲೇಡು ಕಸಕ್ಕೆ, ಆಳಕ್ಕೆ ಹೊಸ ಬ್ಲೇಡು. ಗಡ್ಡೆ ಹೊರಬಂದ ತಕ್ಷಣ ಗ್ಲೌಸು, ಫೋರ್ಸೆಪ್ಸು, ಕತ್ತರಿ, ಹೊದಿಸಿದ ಬಟ್ಟೆ ಎಲ್ಲಾ ಬದಲು, ಆಮೇಲೇ ಸಲೈನ್‌ನಲ್ಲಿ ತೊಳೆದು ಹೊಲಿಗೆ. ಎರಡು ಸೆಟ್ ಸಾಮಾನು ತರದ ಡಾಕ್ಟರ್‌ಗೆ ಕುದುರೆ ಮುಟ್ಟಿಸಬೇಡಿ.
ಖರ್ಚು: ಫೀಸು 9,000, ಅರಿವಳಿಕೆ ಮತ್ತು ಔಷಧಿ 4,350, ಹೊಲಿಗೆ ದಾರ 1,280 (ಒಳಗೆ ತಾನಾಗಿ ಕರಗೋ ಪಿಡಿಎಸ್, ಮೇಲೆ ನೈಲಾನ್), ಟೆಟನಸ್ 90, ಬ್ಯಾಂಡೇಜು ಹತ್ತಿ 1,100. ದುಡಿಮೆ ನಿಂತಿದ್ದು ಬೇರೆ ಲೆಕ್ಕ.

ಸಾರಜನಕ_ಮಂಡ್ಯ
ತೊಡೆಸಂದಿ ಚರ್ಮ ಸಡಿಲ, ಎಳೆದ್ರೆ ಬರುತ್ತೆ. ಎದೆ ಮೇಲೆ 2 ಸೆಂ.ಮೀ. ಬಿಟ್ಟು ತೆಗೆದು ನೋಡಿ, ಕುದುರೆ ಮಲಗಿ ಏಳೋವಾಗ ಹೊಲಿಗೆ ಪಟಪಟ ಬಿಚ್ಕೊಳುತ್ತೆ. ಇಂಥ ಕಡೆ ಮೇಲಿನ ಮಾಂಸ ಸವರಿ, ರಕ್ತ ನಿಲ್ಲಿಸಿ, ಬುಡಕ್ಕೆ ಲಿಕ್ವಿಡ್ ನೈಟ್ರೋಜನ್ ಹೊಡೆಸೋದೇ ಸರಿ. ಹಸುಗಳಿಗೆ ಇಂಜೆಕ್ಷನ್ ಕೊಡೋರ ಹತ್ರ ವೀರ್ಯದ ಕಡ್ಡಿ ಇಡೋ ಕಂಟೇನರ್ ಇರುತ್ತಲ್ಲ, ಅದರೊಳಗಿರೋದೇ ಇದು, ಮೈನಸ್ 196 ಡಿಗ್ರಿ. ಆದ್ರೆ ಹತ್ತಿ ಕಡ್ಡಿ ಅದ್ದಿ ಒತ್ತಿದ್ರೆ ಮೇಲ್ಚರ್ಮ ಬಿಟ್ಟು ಕೆಳಗೆ ಇಳಿಯಲ್ಲ. ಸ್ಪ್ರೇ ಗನ್ ಬೇಕು. ಸುತ್ತ ವ್ಯಾಸ್ಲಿನ್ ದಪ್ಪಗೆ ಬಳಿದು, ಥರ್ಮಕೋಲ್ ಲೋಟದ ತಳ ಕತ್ತರಿಸಿ ಬೇಲಿ ಮಾಡಿ. ಬುಡದ ಮಾಂಸ ಮೈನಸ್ 25 ಮುಟ್ಟಬೇಕು, ಅದಕ್ಕೆ ಸೂಜಿ ಥರ್ಮಾಮೀಟರ್ ಓರೆಯಾಗಿ ಚುಚ್ಚಿ ಇಡೋದು. ಬೇಗ ಹೆಪ್ಪುಗಟ್ಟಬೇಕು, ನಿಧಾನಕ್ಕೆ ತಾನಾಗಿ ಕರಗಬೇಕು. ಕರಗಿಸೋಕೆ ಬಿಸಿನೀರು ಹಾಕಿದ್ರೆ ಮಾಡಿದ್ದೆಲ್ಲ ದಂಡ. ಪೂರ್ತಿ ಕರಗಿದ ಮೇಲೆ ಇನ್ನೊಂದು ಸಲ, ಸಾಧ್ಯ ಆದ್ರೆ ಮೂರನೇ ಸಲ.
ಖರ್ಚು: ನೈಟ್ರೋಜನ್ 5 ಲೀಟರ್ 450, ಗನ್ ಬಾಡಿಗೆ 1,500, ಡಾಕ್ಟ್ರು 3,000, ನೊಣದ ಸ್ಪ್ರೇ ಎರಡು ಡಬ್ಬ 760. ಕೊಳೆತು ಉದುರೋಕೆ ಎರಡರಿಂದ ನಾಲ್ಕು ವಾರ, ನಾತ ತಡಿಯೋಕಾಗಲ್ಲ. ಆ ಜಾಗದಲ್ಲಿ ಆಮೇಲೆ ಬಿಳಿ ಕೂದಲು ಬರುತ್ತೆ.

ಲಾಯ_ನಜರ್‌ಬಾದ್
ಬಿಳಿ ಕೂದಲ ವಿಷಯ ಹೇಳಿದ್ರಿ, ಮೂಳೆ ವಿಷಯ ಯಾಕೆ ಹೇಳ್ಲಿಲ್ಲ? ಎದೆಮೂಳೆ ಹತ್ರ ಕೈಯಳತೆ ತಪ್ಪಿ ಸ್ಪ್ರೇ ಬಿಟ್ರೆ ಮೂಳೆ ಸತ್ತು ಚೂರು ಕಳಚುತ್ತೆ, ಕೀವು ತಿಂಗಳುಗಟ್ಲೆ. ಕಣ್ಣ ರೆಪ್ಪೆ, ಕೀಲು, ಕೆನ್ನೆ ನರದ ಹತ್ರಾನೂ ಇದೇ ಅಪಾಯ. 450 ರೂಪಾಯಿ ಸಾರಜನಕ ಅಂತ ಖುಷಿ ಪಡೋರು ಇದನ್ನೂ ಲೆಕ್ಕಕ್ಕೆ ಹಾಕ್ಕೊಳ್ಳಿ.

ಸಾರಜನಕ_ಮಂಡ್ಯ
ಸ್ವಾಮಿ, ಥರ್ಮಾಮೀಟರ್ ಚುಚ್ಚೋದು ಯಾಕೆ ಅಂತ ಬರೆದಿದ್ದೀನಲ್ಲ. ಓದಿ ಬೈಯಿರಿ.

ಎಳ್ಳೆಣ್ಣೆ_ಪಾಂಡವಪುರ
ಎರಡೂ ಬೇಡ. ಕಣ್ಣಿನ ಪಕ್ಕ ಬಂದಿದ್ದಕ್ಕೆ ಕೊಯ್ಯೋ ಹಾಗಿಲ್ಲ, ಸುಡೋ ಹಾಗಿಲ್ಲ, ಸಿಸ್ಪ್ಲಾಟಿನ್ ಅನ್ನೋ ಕ್ಯಾನ್ಸರ್ ಮದ್ದು ಎಳ್ಳೆಣ್ಣೆಲಿ ಕಲಸಿ ಗಡ್ಡೆಯೊಳಗೇ ಚುಚ್ಚಿಸಿದ್ದು. ಲೆಕ್ಕ: ಉದ್ದ, ಅಗಲ, ಎತ್ತರ ಗುಣಿಸಿ 0.52ರಿಂದ ಗುಣಿಸಿ. 3×3×2 ಸೆಂ.ಮೀ. ಗಡ್ಡೆ ಅಂದ್ರೆ 9.4 ಘನ ಸೆಂ.ಮೀ. ಘನ ಸೆಂ.ಮೀ.ಗೆ 1 ಮಿ.ಗ್ರಾಂ, ಅಂದ್ರೆ 9.4 ಮಿ.ಗ್ರಾಂ. ಎರಡು ವಾರಕ್ಕೊಂದು ಸಲ, ಒಟ್ಟು ನಾಲ್ಕು ಸಲ. ಎಣ್ಣೆ ಯಾಕೆ ಅಂದ್ರೆ ಬರೀ ನೀರಿನ ಮದ್ದು ಗಡ್ಡೆಯಲ್ಲಿ ನಿಲ್ಲದೆ ರಕ್ತಕ್ಕೆ ಹೊರಟುಹೋಗುತ್ತೆ. 10 ಮಿ.ಗ್ರಾಂ ಪುಡಿಗೆ 1 ಮಿ.ಲೀ. ನೀರು, 2 ಮಿ.ಲೀ. ಎಳ್ಳೆಣ್ಣೆ. ಎರಡು ಸಿರಿಂಜು ತ್ರೀ-ವೇ ನಲ್ಲಿಗೆ ಸಿಕ್ಕಿಸಿ ಹಾಲಿನ ಬಣ್ಣ ಬರೋವರೆಗೆ ಆಚೆ ಈಚೆ ತಳ್ಳೋದು, ತಕ್ಷಣ ಚುಚ್ಚೋದು. ಎಣ್ಣೆ ನಮ್ಮೂರ ಗಾಣದ್ದೇ, ಶುದ್ಧ, ಕುಕ್ಕರ್‌ನಲ್ಲಿ ಬೇಯಿಸಿದ್ದು.

ನಿವೃತ್ತ_ಪಶುವೈದ್ಯ
ಕುಕ್ಕರ್‌ನ ಹಬೆ ಎಣ್ಣೆಯೊಳಗೆ ಇಳಿಯುವುದಿಲ್ಲ ಮಹರಾಯ್ರೇ. ಎಣ್ಣೆಯನ್ನು ಒಣ ಶಾಖದ ಓವನ್‌ನಲ್ಲಿ 150 ಡಿಗ್ರಿಯಲ್ಲಿ ಒಂದು ಗಂಟೆ ಇಡಬೇಕು. ಅದೂ ಇಂಜೆಕ್ಷನ್ ದರ್ಜೆಯ ಎಣ್ಣೆ, ಒಗ್ಗರಣೆಯದಲ್ಲ. ಇನ್ನೊಂದು: ನಮ್ಮ ಔಷಧಿ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು 1 ಮಿ.ಲೀ.ಗೆ 1 ಮಿ.ಗ್ರಾಂನ ನೀರಿನ ದ್ರಾವಣ. ಅದಕ್ಕೆ ಎರಡು ಪಾಲು ಎಣ್ಣೆ ಹಾಕಿದರೆ ಮಿ.ಲೀ.ಗೆ 0.33 ಮಿ.ಗ್ರಾಂ ಆಗುತ್ತದೆ, ನಿಮ್ಮ 9.4 ಮಿ.ಗ್ರಾಂ ಸೇರಿಸಲು 28 ಮಿ.ಲೀ. ತುರುಕಬೇಕು. ಗಡ್ಡೆ ಹಿಡಿಸುವುದಿಲ್ಲ, ಸೂಜಿ ತೂತಿನಿಂದ ಚಿಮ್ಮುತ್ತದೆ. ಚಿಮ್ಮಿದ್ದು ಕ್ಯಾನ್ಸರ್ ಮದ್ದು. ಸೂಜಿ ತಿರುಗಿಸಿ ಬಿಗಿಯುವ ಲೂಯರ್ ಲಾಕ್ ಸಿರಿಂಜು, ಎರಡು ಪದರ ನೈಟ್ರೈಲ್ ಗ್ಲೌಸು, ಕನ್ನಡಕ ಇಲ್ಲದೆ ಮುಟ್ಟಬಾರದು. ಬಸುರಿ ಹೆಂಗಸರು ಲಾಯದ ಕಡೆ ಬರಬಾರದು, ಲದ್ದಿ ಗಂಜಲ ಬರಿಗೈಯಲ್ಲಿ ಬಾಚಬಾರದು.

ಎಳ್ಳೆಣ್ಣೆ_ಪಾಂಡವಪುರ
ಡಾಕ್ಟ್ರೇ, ಗಡ್ಡೆ ಕರಗಿತು, ಕಣ್ಣು ಉಳೀತು. ನಿಮ್ಮ ಓವನ್ ನಿಮಗಿರಲಿ.

ಬೂದುಕುದುರೆ_ಪಟ್ಟಣ
ಮದುವೆ ಮೆರವಣಿಗೆ ಕುದುರೆ ಸಾಕೋರು ಇಲ್ಲಿ ಇದ್ದೀರಾ? ಬಿಳಿ ಕುದುರೆ ಬಾಲದಡಿ ಕಪ್ಪು ಗಂಟು ಬರುತ್ತಲ್ಲ, ಮೆಲನೋಮ, 15 ದಾಟಿದ ಬೂದು ಕುದುರೆಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚಿಗೆ ಇದ್ದೇ ಇರುತ್ತೆ. "ಮುಟ್ಟಬೇಡಿ, ಮುಟ್ಟಿದ್ರೆ ಹರಡುತ್ತೆ" ಅಂತ ಹೇಳಿ ಹೇಳಿ ಕಡಲೆಕಾಳಿನಷ್ಟಿದ್ದದ್ದು ಗುದದ ಸುತ್ತ ಹೂಕೋಸಿನ ಹಾಗೆ ಆಯ್ತು, ಲದ್ದಿ ಹಾಕೋಕೂ ತಿಣುಕಾಟ. ಸಣ್ಣದಿದ್ದಾಗಲೇ ಲಿಗ್ನೊಕೇನ್ ಕೊಟ್ಟು ಒಂದೊಂದೇ ತೆಗೆದಿದ್ರೆ ನಾಲ್ಕು ಹೊಲಿಗೆ ಮಾತು. ಕೊನೆಗೆ 22,600 ಕೊಟ್ಟು ಅರ್ಧ ಮಾತ್ರ ತೆಗೆದ್ರು, ಉಳಿದಿದ್ದು ರಕ್ತನಾಳದ ಜೊತೆ ಬೆರೆತುಹೋಗಿತ್ತು. ಸಿಮೆಟಿಡಿನ್ ಮಾತ್ರೆಗೆ 6,400 ಖರ್ಚು, ಒಂದು ಗಂಟೂ ಕುಗ್ಗಲಿಲ್ಲ.

ಲಾಯ_ನಜರ್‌ಬಾದ್
ಕೇಳ್ತಿರೋದು ಕಂದು ಕುದುರೆ ಬಗ್ಗೆ.

ಬೂದುಕುದುರೆ_ಪಟ್ಟಣ
ನೀವು ಬರೆದಿದ್ದು ಹೆಣ್ಣುಗುದುರೆ ತೊಡೆ ಬಗ್ಗೆ. ಗಡ್ಡೆ ಗಡ್ಡೆನೇ.

ನಿವೃತ್ತ_ಪಶುವೈದ್ಯ
ಅಲ್ಲ, ಗಡ್ಡೆ ಎಲ್ಲಾ ಒಂದೇ ಅಲ್ಲ, ಈ ಜಗಳದ ಬೇರೇ ಅಲ್ಲಿದೆ. ಹೊಲಿಗೆ ಗೆರೆಯ ಮೇಲೆ ಎದ್ದದ್ದು ದುರ್ಮಾಂಸವೂ (ಗಾಯ ಮಾಯುವಾಗ ಅತಿಯಾಗಿ ಬೆಳೆಯುವ ಮಾಂಸ) ಆಗಿರಬಹುದು. ಮಳೆಗಾಲದಲ್ಲಿ ನೊಣ ಕೂತು ಹಬ್ರೊನೀಮ ಹುಳುವಿನ ಹುಣ್ಣೂ ಆಗಿರಬಹುದು, ಅದರೊಳಗೆ ಅಕ್ಕಿನುಚ್ಚಿನಂಥ ಹಳದಿ ಕಾಳು ಸಿಗುತ್ತವೆ, ಐವರ್ಮೆಕ್ಟಿನ್ ಕೆಜಿಗೆ 0.2 ಮಿ.ಗ್ರಾಂ ಬಾಯಿಗೆ ಕೊಟ್ಟರೆ ಇಳಿಯುತ್ತದೆ. ನಾಲೆಯ ನಿಂತ ನೀರಲ್ಲಿ ನಿಲ್ಲುವ ಕುದುರೆಗೆ ಪೈಥಿಯೋಸಿಸ್ (ಶಿಲೀಂಧ್ರದಂಥ ಜೀವಿಯ ಸೋಂಕು) ಬರುತ್ತದೆ, ಅದು ವಾರದಲ್ಲೇ ದೊಡ್ಡದಾಗುತ್ತದೆ, ವಿಪರೀತ ನವೆ, ಕುದುರೆ ತಾನೇ ಕಚ್ಚಿಕೊಳ್ಳುತ್ತದೆ.
ಎಲ್ಲಕ್ಕಿಂತ ಮುಖ್ಯವಾದದ್ದನ್ನು ಒಬ್ಬರೂ ಹೇಳಿಲ್ಲ. ಗಂಟುಗಳು ಸಾಲಾಗಿ ಹುರಿಯಂತೆ ಎದ್ದು ಒಡೆದು ಜೇನುಬಣ್ಣದ ಅಂಟು ಕೀವು ಬಂದರೆ ಅದು ಗ್ಲ್ಯಾಂಡರ್ಸ್ ಎಂಬ ಬ್ಯಾಕ್ಟೀರಿಯಾ ರೋಗ ಇರಬಹುದು. ಮನುಷ್ಯರಿಗೂ ಅಂಟುತ್ತದೆ. ಕತ್ತಿ ಹಾಕುವ ಮೊದಲು ಪಶುಪಾಲನಾ ಇಲಾಖೆಯ ಮೂಲಕ ರಕ್ತದ ಸೀರಮ್ ಪರೀಕ್ಷೆಗೆ ಕಳಿಸಿ, ಖಚಿತ ಮಾಡುವುದು ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ. ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಯುವ 2009ರ ಕಾಯ್ದೆಯಡಿ ಇದನ್ನು ಸರ್ಕಾರಕ್ಕೆ ತಿಳಿಸಲೇಬೇಕು.

ಸಾರಜನಕ_ಮಂಡ್ಯ
ಗ್ಲ್ಯಾಂಡರ್ಸ್ ಅಂತ ಹೆದರಿಸಿದ್ರೆ ಯಾವ ಟಾಂಗಾದವನು ಡಾಕ್ಟ್ರ ಹತ್ರ ಬರ್ತಾನೆ ಸಾರ್? ಪಾಸಿಟಿವ್ ಬಂದ್ರೆ ಕುದುರೆ ಕೊಲ್ತಾರೆ.

ನಿವೃತ್ತ_ಪಶುವೈದ್ಯ
ಪರಿಹಾರ ಕೊಡುತ್ತಾರೆ. ಬರದೇ ಇದ್ದರೆ ಕುದುರೆಯನ್ನು ತಿಕ್ಕಿ ತೊಳೆಯುವ ಹುಡುಗನ ಪ್ರಾಣ ಹೋಗುತ್ತದೆ.

ಉಂಗುರ_ಮದ್ದೂರು
ಗಂಟಿನ ಬುಡಕ್ಕೆ ಬಿಗಿದು ರಕ್ತ ನಿಲ್ಲಿಸೋ ರಬ್ಬರ್ ಉಂಗುರದ ಬಗ್ಗೆ ಯಾರೂ ಬರೀಲಿಲ್ಲ. ನರಹುಲಿಗೆ ಕುದುರೆ ಬಾಲದ ಕೂದಲು ಕಟ್ಟೋ ಊರಿನವರು ನಾವು! ತೊಟ್ಟು ಇದ್ದು ಜೋತಾಡೋ ಗಂಟಿಗೆ ಮಾತ್ರ, ಬೆರಳಲ್ಲಿ ಹಿಡಿದಾಗ ಅಡಿ ಚರ್ಮ ತೆಳ್ಳಗೆ ಸಿಗಬೇಕು. ಬುಡದಲ್ಲಿ ಬೇರು ಗಟ್ಟಿಯಾಗಿ ಸಿಕ್ಕಿದ್ರೆ ಬೇಡ, ಮೇಲಿಂದು ಬಿದ್ದು ಕೆಳಗಿಂದು ಕೆರಳುತ್ತೆ. ಎರಡು ಉಂಗುರ 40 ರೂಪಾಯಿ. ಟೆಟನಸ್ ಮರೀಬೇಡಿ, ಉಂಗುರದ ಕೆಳಗೆ ಸತ್ತ ಮಾಂಸಾನೇ ಅದಕ್ಕೆ ಮನೆ.

ಟಾಂಗಾ_ಅಗ್ರಹಾರ
ನಮ್ಮದಕ್ಕೆ ತೊಟ್ಟಿಲ್ಲ ಅಣ್ಣ, ಅಗಲ ಬುಡ. ಕೀವಿಲ್ಲ, ಬರೀ ರಕ್ತ. ಹೋದ ಸಲ ಮತ್ತಿನ ಇಂಜೆಕ್ಷನ್ ಕೊಟ್ರೂ ಕುದುರೆ ನಿಲ್ಲಲೇ ಇಲ್ಲ, ಅರ್ಧಂಬರ್ಧ ಕೊಯ್ದ್ರು. ಅದಕ್ಕೇ ಹೀಗಾಯ್ತಾ?

ನಿವೃತ್ತ_ಪಶುವೈದ್ಯ
ಆಗಿರಬಹುದು. ಮತ್ತಿನ ಮದ್ದು ಕ್ಸೈಲಜಿನ್ ದನಕ್ಕೆ ಕೆಜಿಗೆ 0.1 ಮಿ.ಗ್ರಾಂ ಸಾಕು, ಕುದುರೆಗೆ ರಕ್ತನಾಳಕ್ಕೆ 1.1 ಬೇಕು. ದನಕ್ಕೆ ಕೊಟ್ಟು ಕೈ ರೂಢಿಯಾದವರು ಕಡಿಮೆ ಹಾಕಿಬಿಡುತ್ತಾರೆ. 300 ಕೆಜಿಗೆ 330 ಮಿ.ಗ್ರಾಂ, ಬಾಟಲಿ ಮಿ.ಲೀ.ಗೆ 100ರದ್ದಾದರೆ 3.3 ಮಿ.ಲೀ., 20ರದ್ದಾದರೆ 16.5. ಕೊಟ್ಟು ಐದು ನಿಮಿಷ ಸದ್ದಿಲ್ಲದೆ ಬಿಡಬೇಕು, ತಲೆ ಜೋತುಬಿದ್ದ ಮೇಲೇ ಲಿಗ್ನೊಕೇನ್. 2%ದು 60 ಮಿ.ಲೀ. ಮೀರಬಾರದು. ನಿಂತ ಹಾಗೇ ಇದ್ದರೂ ಹಿಂಗಾಲು ಒದೆಯುತ್ತದೆ, ನೆನಪಿರಲಿ.
ಈ ಸಲ ಮೊದಲು ಸೀರಮ್. ಆಮೇಲೆ ಅಗಲಕ್ಕೆ ತೆಗೆಸಿ, ಹೊಲಿಗೆ ಕೂಡದ ಕಡೆ ತೆರೆದೇ ಬಿಡಿ, ಎಳೆದು ಬಿಗಿಯಬೇಡಿ. ತುಂಡನ್ನು 10% ಫಾರ್ಮಲಿನ್‌ನಲ್ಲಿ, ತುಂಡಿನ ಹತ್ತರಷ್ಟು ದ್ರವ ಇರುವ ಅಗಲ ಬಾಯಿಯ ಡಬ್ಬದಲ್ಲಿ ಹಾಕಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಕಳಿಸಿ. ಅಂಚಿಗೆ ಇಂಡಿಯನ್ ಇಂಕ್ ಬಳಿದಿದ್ದರೆ ಬೇರು ಉಳಿದಿದೆಯೋ ಇಲ್ಲವೋ ಅವರು ಹೇಳಬಲ್ಲರು. ಉಳಿದಿದ್ದರೆ ಆಗ ಸಿಸ್ಪ್ಲಾಟಿನ್. ಎದೆಪಟ್ಟಿ ಮುಟ್ಟುವ ಜಾಗ, ದಸರಾಗೆ ಗಾಡಿ ಕಟ್ಟುವ ಆಸೆ ಬಿಡಿ.

ಲಾಯ_ನಜರ್‌ಬಾದ್
ಅಗಲಕ್ಕೆ ತೆಗೆಸಿ ಅಂತ ನಾನು ಮೊದಲೇ ಬರೆದಿದ್ದೆ.

ಸಾರಜನಕ_ಮಂಡ್ಯ
ತೆರೆದೇ ಬಿಡಿ ಅಂದಿದ್ದಾರೆ, ನೀವು ಹೊಲಿಗೆ ದಾರಕ್ಕೆ 1,280 ಸುರಿದಿದ್ರಿ.