ಪದಚರ್ಚೆ: ಬ್ಯಾಕ್ಟೀರಿಯಾ ಬಿಡುವುದು ಲೋಳೆಯೋ, ಅಂಟೋ, ಗೋಂದೋ?

ಎಲ್ಲರಿಗೂ ನಮಸ್ಕಾರ.

ಮಣ್ಣಿನಲ್ಲಿ, ಗಿಡಗಳಲ್ಲಿ ಇರುವ ಬ್ಯಾಕ್ಟೀರಿಯಾಗಳ ಬಗ್ಗೆ ಪಿಯುಸಿ ಮಕ್ಕಳಿಗಾಗಿ ಒಂದು ಸಣ್ಣ ಪುಸ್ತಿಕೆ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ಮೊದಲು ವಿಷಯ ಹೇಳುತ್ತೇನೆ. ಮೆಂತ್ಯದ ಗಿಡ ಕಿತ್ತರೆ ಬೇರಿನಲ್ಲಿ ಬ್ಯಾಕ್ಟೀರಿಯಾ ವಾಸಿಸುವ ಸಣ್ಣ ಗಂಟುಗಳು ಕಾಣುತ್ತವೆ. ಅವನ್ನು ತೊಳೆದು, ಹೊರಗೆ ಅಂಟಿಕೊಂಡ ಬೇರೆ ಜೀವಿಗಳು ಸಾಯುವಂತೆ ಆಲ್ಕೋಹಾಲ್‌ನಲ್ಲಿ ಅದ್ದಿ, ಜಜ್ಜಿ, ಆ ರಸವನ್ನು ಅಗರ್ ತಟ್ಟೆಯ (ಬ್ಯಾಕ್ಟೀರಿಯಾ ಬೆಳೆಸಲು ಆಹಾರ ಬೆರೆಸಿದ ಜೆಲ್ಲಿ ಹಾಕಿದ ತಟ್ಟೆ) ಮೇಲೆ ಗೀರುತ್ತಾರೆ. ಮೂರು ನಾಲ್ಕು ದಿನಕ್ಕೆ ಹೊಳೆಯುವ, ಜಿಗುಟಾದ ಚುಕ್ಕೆಗಳು ಮೂಡುತ್ತವೆ. ತಂತಿಯ ತುದಿ ತಾಗಿಸಿ ಎತ್ತಿದರೆ ಎಳೆ ಬರುತ್ತದೆ, ಥೇಟ್ ಬೆಲ್ಲದ ಪಾಕದ ಹಾಗೆ. ಆ ಜಿಗುಟು ಸಕ್ಕರೆಯ ಅಣುಗಳು ಸರಪಳಿಯಾಗಿ ಕೂಡಿದ ಪಾಲಿಮರ್. ‘ಎಳೆ ಬರುವುದು’ ಅನ್ನುವ ಅಡುಗೆಮನೆಯ ಮಾತು ಇಲ್ಲಿ ಎಷ್ಟು ಚೆನ್ನಾಗಿ ಕೂತಿತು ಅಂದರೆ, ಅದನ್ನು ಹಾಗೇ ಇಟ್ಟುಕೊಂಡಿದ್ದೇನೆ.

ಆದರೆ ಆ ಜಿಗುಟನ್ನು ಏನೆಂದು ಕರೆಯಲಿ?

‘ಅಂಟು’ ಮೊದಲು ಹೊಳೆಯಿತು. ಜಾಲಿಮರದ ಅಂಟು, ಬಾಣಂತಿಗೆ ಕೊಡುವ ಅಂಟಿನುಂಡೆ ಎಲ್ಲರಿಗೂ ಗೊತ್ತು. ತೊಂದರೆ ಏನೆಂದರೆ, ನಮ್ಮಲ್ಲಿ ಅಂಟುರೋಗ, ಅಂಟುಜಾಡ್ಯ ಎಂಬ ಪದಗಳೂ ಇವೆ. ‘ಬ್ಯಾಕ್ಟೀರಿಯಾದ ಅಂಟು’ ಅಂದ ಕೂಡಲೇ ಮಕ್ಕಳು ಕಾಯಿಲೆ ಹರಡುವುದು ಅಂತಲೇ ಓದಿಕೊಳ್ಳುತ್ತಾರೆ, ಅಲ್ವಾ? ‘ಗೋಂದು’ ಅಂದರೆ ಕಾಗದ ಅಂಟಿಸುವ ಬಾಟಲಿ ನೆನಪಾಗುತ್ತದೆ. ‘ಸೊನೆ’ ಮುದ್ದಾದ ಪದ. ಆದರೆ ಅದು ಮಾವಿನಕಾಯಿಯ ತೊಟ್ಟು ಮುರಿದಾಗ ಬರುವಂಥದ್ದು, ಗಾಯವಾದ ಗಿಡದ್ದು.

ಉಳಿದದ್ದು ‘ಲೋಳೆ’. ಬೆಂಡೆಕಾಯಿಯ ಲೋಳೆ, ಲೋಳೆಸರ. ಒಳಗೆ ನೀರು ಹಿಡಿದಿಟ್ಟುಕೊಳ್ಳುವ ಗುಣವೂ ಈ ಪದದಲ್ಲಿ ಇದೆ. ಬ್ಯಾಕ್ಟೀರಿಯಾಕ್ಕೂ ಇದರ ಉಪಯೋಗ ಅದೇ: ಮಣ್ಣು ಒಣಗಿದಾಗ ಇದರ ಹೊದಿಕೆಯಿಂದ ಅದಕ್ಕೆ ರಕ್ಷಣೆ ಸಿಗುತ್ತದೆ. ನನ್ನ ಮನಸ್ಸು ಇದರ ಕಡೆಗೇ ಇದೆ.

ಒಂದು ಕಡೆ ಮಾತ್ರ ಇದು ಕೈಕೊಡುತ್ತದೆ. ಎಲೆಕೋಸಿಗೆ ಕಪ್ಪು ಕೊಳೆರೋಗ ತರುವ ಕ್ಸಾಂಥೊಮೊನಾಸ್ ಕ್ಯಾಂಪೆಸ್ಟ್ರಿಸ್ ಎಂಬ ಬ್ಯಾಕ್ಟೀರಿಯಾದಿಂದ ಕ್ಸಾಂಥನ್ ಎಂಬ ಇಂಥದೇ ಜಿಗುಟು ಸಿಗುತ್ತದೆ. ಅಮೆರಿಕದ ಪಿಯೋರಿಯಾದಲ್ಲಿರುವ ಕೃಷಿ ಇಲಾಖೆಯ ಪ್ರಯೋಗಾಲಯದಲ್ಲಿ 1950ರ ದಶಕದಲ್ಲಿ ಇದನ್ನು ಗುರುತಿಸಿದರು. ಇವತ್ತು ಐಸ್‌ಕ್ರೀಮ್, ಸಾಸ್ ಪೊಟ್ಟಣಗಳ ಮೇಲೆ ‘415’ ಅಂತ ನಂಬರ್ ಇದ್ದರೆ ಅದು ಇದೇ. ಬ್ಯಾಕ್ಟೀರಿಯಾ ಬೆಳೆದ ನೀರಿಗೆ ಆಲ್ಕೋಹಾಲ್ ಸುರಿದರೆ ಇದು ನಾರು ನಾರಾಗಿ ಬೇರೆಯಾಗುತ್ತದೆ. ಒಣಗಿಸಿ ಪುಡಿ ಮಾಡುತ್ತಾರೆ. ‘ಲೋಳೆಪುಡಿ’ ಅಂತ ಬರೆದು ನೋಡಿದೆ, ಕಿವಿಗೆ ಒಗ್ಗಲಿಲ್ಲ. ಹಸಿಯಾಗಿದ್ದಾಗ ಲೋಳೆ, ಒಣಗಿದ ಮೇಲೆ ಅಂಟು ಅನ್ನಬಹುದೇ? ಹಾಲು, ಮೊಸರಿಗೆ ಬೇರೆ ಬೇರೆ ಹೆಸರಿಲ್ಲವೇ?

ಇನ್ನೊಂದು ಪ್ರಶ್ನೆ. ಮೆಂತ್ಯದ ಗಂಟಿನಿಂದ ತೆಗೆದ ಹಾಗೆ ಬೇರೆ ಮಾಡಿ ಶುದ್ಧವಾಗಿ ಬೆಳೆಸಿಕೊಂಡ ಬ್ಯಾಕ್ಟೀರಿಯಾವನ್ನು ಲ್ಯಾಬ್‌ನಲ್ಲಿ ‘ಐಸೊಲೇಟ್’ ಅನ್ನುತ್ತಾರೆ. ಕ್ರಿಯೆಗೆ ‘ಬೇರ್ಪಡಿಸು’ ಸಾಕು. ನಾಮಪದಕ್ಕೆ? ‘ಆಯ್ದ ತಳಿ’ ಅಂದರೆ ಬೀಜದಂಗಡಿಯ ಅರ್ಥ ಬರುತ್ತದೆ. ಬಿದ್ದದ್ದನ್ನು ಒಂದೊಂದಾಗಿ ಹೆಕ್ಕುತ್ತೇವಲ್ಲ, ಹಾಗೆ ‘ಹೆಕ್ಕಿದ ತಳಿ’ ಅಂದರೆ ನಿಮ್ಮ ಕಡೆ ಅರ್ಥವಾಗುತ್ತದೆಯೇ? ‘ಹೆಕ್ಕು’ ಬಳಸದ ಊರಿನವರು ಇದ್ದರೆ ನಿಮ್ಮಲ್ಲಿ ಏನು ಹೇಳುತ್ತೀರಿ, ದಯವಿಟ್ಟು ತಿಳಿಸಿ.