ಮುರಕಲ್ಲಿನ ಹಳೆಯ ಇಗರ್ಜಿ: ಗಾರೆ ಕೀಳಬೇಕೇ, ಮತ್ತೆ ಸಿಮೆಂಟ್ ಹಚ್ಚಬೇಕೇ?

ಪ್ರಶ್ನೆ (ಪಾಲನಾ ಸಮಿತಿಯ ಸದಸ್ಯ, ದಕ್ಷಿಣ ಕನ್ನಡ):

ಮಾನ್ಯರೇ, ನಮ್ಮ ಧರ್ಮಕೇಂದ್ರದ ಇಗರ್ಜಿ ನೂರು ವರ್ಷಕ್ಕೂ ಹಳೆಯದು. ಮುರಕಲ್ಲಿನ ಗೋಡೆ, ಮಂಗಳೂರು ಹಂಚಿನ ಮಾಡು. ಹಿಂದಿನ ತಲೆಮಾರಿನವರು ಹೊರಗೂ ಒಳಗೂ ಸಿಮೆಂಟ್ ಗಾರೆ ಮಾಡಿಸಿ ಎಮಲ್ಷನ್ ಬಣ್ಣ ಹಚ್ಚಿಸಿದ್ದರು. ಈಗ ಬಲಿಪೀಠದ ಹಿಂದಿನ ಗೋಡೆಯಲ್ಲಿ ಸೊಂಟದೆತ್ತರದವರೆಗೆ ಬಣ್ಣ ಉಬ್ಬಿದೆ. ಬೆರಳಿನಿಂದ ಒತ್ತಿದರೆ ಕಳಚಿ, ಒಳಗಿನಿಂದ ಬಿಳಿಯ ಉಪ್ಪಿನ ಪುಡಿ ಉದುರುತ್ತದೆ. ಗಾರೆಯನ್ನೆಲ್ಲ ಕಿತ್ತು ಕೆಂಪು ಕಲ್ಲನ್ನೇ ಕಾಣುವಂತೆ ಬಿಡೋಣ ಎಂದು ಕೆಲವರು, ನೀರು ತಡೆಯುವ ರಾಸಾಯನಿಕ ಬೆರೆಸಿ ಮತ್ತೆ ಸಿಮೆಂಟ್ ಹಚ್ಚೋಣ ಎಂದು ಕೆಲವರು ಹೇಳುತ್ತಿದ್ದಾರೆ. ಯಾವುದು ಸರಿ?

ಉತ್ತರ 1 (ಕಟ್ಟಡ ಸಂರಕ್ಷಣೆಯ ವಾಸ್ತುಶಿಲ್ಪಿ):

ದಯವಿಟ್ಟು ಎರಡನ್ನೂ ಮಾಡಬೇಡಿ. ಗಾರೆ ಕಿತ್ತರೆ ಏನಾಗುತ್ತದೆ ಎಂಬುದಕ್ಕೆ ಹಳೆ ಗೋವಾದ ಬೊಮ್ ಜೀಸಸ್ ಬೆಸಿಲಿಕಾ ಕಣ್ಣೆದುರಿಗಿದೆ. 1605ರಲ್ಲಿ ಪವಿತ್ರೀಕರಿಸಲಾದ ಆ ಇಗರ್ಜಿಯ ಹೊರಗಾರೆಯನ್ನು 1950ರ ದಶಕದಲ್ಲಿ, ಪೋರ್ಚುಗೀಸರ ಆಡಳಿತವಿದ್ದಾಗಲೇ, ತೆಗೆಸಲಾಯಿತು. ಅಂದಿನಿಂದ ಮಳೆಗೆ ಮೈಯೊಡ್ಡಿದ ಮುರಕಲ್ಲು ಸವೆಯುತ್ತಲೇ ಇದೆ. ಮತ್ತೆ ಗಾರೆ ಹಚ್ಚಬೇಕೆಂದು 2020ರಲ್ಲಿ ಅಲ್ಲಿನ ಧರ್ಮಗುರುಗಳೇ ಬಹಿರಂಗವಾಗಿ ಕೇಳಿಕೊಂಡರು. ಮುರಕಲ್ಲಿನ ರಂಧ್ರಗಳಲ್ಲಿರುವ ಜೇಡಿ ನೀರಿಗೆ ಕರಗಿ ಹೋಗುತ್ತದೆ ಎಂಬುದೇ ಇದರ ಮೂಲ.

ಸಿಮೆಂಟಿನ ತೊಂದರೆ ಬೇರೆ. ನೆಲದಿಂದ ಏರಿದ ತೇವ ಅದರ ಮೂಲಕ ಹೊರಗೆ ಆರಲಾರದೆ ಗೋಡೆಯೊಳಗೇ ಉಳಿದು ಇನ್ನಷ್ಟು ಮೇಲೇರುತ್ತದೆ. ಉಪ್ಪು ಗಾರೆಯ ಬೆನ್ನಿಗೆ ಹರಳುಗಟ್ಟಿ ಕಲ್ಲನ್ನೇ ಪುಡಿಮಾಡುತ್ತದೆ. ನೀವು ಕಂಡ ಬಿಳಿ ಪುಡಿ ಅದೇ ಇರಬೇಕು. ಸುಣ್ಣದ ಗಾರೆಯಾದರೆ ತೇವವನ್ನು ಆರಲು ಬಿಡುತ್ತದೆ. ಆದರೆ ಗೋಡೆಗೆ ಕೈ ಹಚ್ಚುವ ಮೊದಲು ಮಾಡು ಸೋರುವುದನ್ನು ನಿಲ್ಲಿಸಿ, ಗೋಡೆಯ ಬುಡಕ್ಕೆ ತಾಗಿ ಹಾಕಿರುವ ಕಾಂಕ್ರೀಟ್ ಇದ್ದರೆ ತೆಗೆಸಿ, ಮಳೆನೀರು ದೂರ ಹರಿಯುವಂತೆ ಚರಂಡಿ ಮಾಡಿಸಿ. ಈ ಕೆಲಸ ಆಗದೆ ಗಾರೆಗೆ ಖರ್ಚು ಮಾಡಿದ ಹಣ ವ್ಯರ್ಥ.

ಉತ್ತರ 2 (ಗಾರೆ ಕೆಲಸದ ಮೇಸ್ತ್ರಿ):

ಸಿಮೆಂಟನ್ನು ಯಂತ್ರದಿಂದ ಒಡೆಯಿಸಬೇಡಿ, ಕಲ್ಲಿನ ಮುಖವೂ ಅದರ ಜೊತೆ ಎದ್ದು ಬರುತ್ತದೆ. ಉಳಿ, ಸುತ್ತಿಗೆ ಹಿಡಿದು ಸ್ವಲ್ಪ ಸ್ವಲ್ಪವಾಗಿಯೇ ತೆಗೆಯಬೇಕು. ಸುಣ್ಣವನ್ನು ಚೆನ್ನಾಗಿ ಅರಳಿಸಿ, ಕೆಲವು ವಾರವಾದರೂ ನೀರಿನಲ್ಲಿ ಮುಳುಗಿಸಿಟ್ಟು ಬಳಸಿ. ಮರಳು ಉಪ್ಪಿಲ್ಲದ್ದಾಗಿರಬೇಕು. ತೆಳುವಾದ ಪದರಗಳಾಗಿ ಹಚ್ಚಿ, ಪ್ರತಿ ಪದರವನ್ನೂ ಒದ್ದೆ ಗೋಣಿ ಹೊದಿಸಿ ನಿಧಾನವಾಗಿ ಆರಿಸಿ. ಮಳೆಗಾಲ ಪೂರ್ತಿ ಮುಗಿದ ಮೇಲೆಯೇ ಕೆಲಸ ಶುರುವಾಗಲಿ. ಉಪ್ಪು ತುಂಬಿದ ಗೋಡೆಯಲ್ಲಿ ಮೊದಲ ಗಾರೆ ಉಪ್ಪನ್ನು ಹೀರಿ ಹಾಳಾಗಬಹುದು. ಅದನ್ನು ಕಿತ್ತು ಮತ್ತೊಮ್ಮೆ ಹಚ್ಚುವ ಖರ್ಚನ್ನೂ ಅಂದಾಜಿನಲ್ಲಿ ಸೇರಿಸಿಕೊಳ್ಳಿ.

ಉತ್ತರ 3 (ಇತಿಹಾಸ ಅಧ್ಯಾಪಕಿ, ಮಂಗಳೂರು):

ಒಳಗೋಡೆಯನ್ನು ಕೆರೆಯುವ ಮೊದಲು ಸುಣ್ಣದ ಪದರಗಳಡಿಯಲ್ಲಿ ಹಳೆಯ ಚಿತ್ರವೋ ಅಂಚಿನ ಅಲಂಕಾರವೋ ಇದೆಯೇ ಎಂದು ಬಲ್ಲವರಿಂದ ನೋಡಿಸಿ. ನಮ್ಮ ಸಂತ ಅಲೋಶಿಯಸ್ ಚಾಪೆಲಿನಲ್ಲಿ ಅಂತೋನಿಯೊ ಮೊಸ್ಕೇನಿ ಅವರು 1899ರಿಂದ ಬಿಡಿಸಿದ ಚಿತ್ರಗಳು 1990ರ ದಶಕದಲ್ಲಿ ಪರಿಣತರ ಕೈಯಲ್ಲಿ ದುರಸ್ತಿ ಕಂಡದ್ದರಿಂದಲೇ ಇಂದಿಗೂ ನೋಡುವಂತಿವೆ. ಇಗರ್ಜಿಯ ದುರಸ್ತಿಗೆ ತಜ್ಞರ ಸಲಹೆ ಪಡೆಯಬೇಕೆಂದು ಕಥೋಲಿಕ ಧರ್ಮಸಭೆಯ ಕಾನೂನಿನ 1216ನೇ ವಿಧಿಯೇ ಹೇಳುತ್ತದೆ. ಸಮಿತಿಯಲ್ಲಿ ಒಮ್ಮತ ಮೂಡದಿದ್ದರೆ ಅದನ್ನು ಮುಂದಿಡಿ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಕೃತಜ್ಞತೆಗಳು. ಈ ವರ್ಷ ಮಾಡು ಮತ್ತು ಚರಂಡಿಯ ಕೆಲಸವನ್ನಷ್ಟೇ ಕೈಗೆತ್ತಿಕೊಂಡು, ಗೋಡೆಯನ್ನು ಪರಿಣತರು ನೋಡುವವರೆಗೆ ಮುಟ್ಟಬಾರದೆಂದು ಮುಂದಿನ ಸಭೆಯಲ್ಲಿ ವಿಗಾರರ (ಇಗರ್ಜಿಯ ಮುಖ್ಯ ಧರ್ಮಗುರುಗಳ) ಮುಂದೆ ಪ್ರಸ್ತಾಪಿಸುತ್ತೇನೆ.