ಗಂಗಾವತಿಯಿಂದ ಹಿಮದ ಬೆಟ್ಟಕ್ಕೆ: ಸ್ನೋಶೂ ಬಗ್ಗೆ ಗೈಡ್ ಒಬ್ಬರನ್ನು ಕೇಳಿದ್ದು

ಪ್ರಶ್ನೆ (ಗಂಗಾವತಿ):
ನಮಸ್ಕಾರ ಸರ್. ನಾವು ಆರು ಜನ ಗೆಳೆಯರು, ಎಲ್ಲರೂ ಮೂವತ್ತರ ಆಸುಪಾಸು. ಆನೆಗುಂದಿ, ಸಂಡೂರು ಕಡೆ ಗುಡ್ಡ ಹತ್ತಿ ರೂಢಿ ಇದೆ. ಜನವರಿ ಕೊನೆಗೆ ಉತ್ತರಾಖಂಡಕ್ಕೆ ಹೋಗಿ ಸ್ನೋಶೂ, ಅಂದ್ರೆ ಬೂಟಿನಡಿ ಕಟ್ಟುವ ಅಗಲ ಚೌಕಟ್ಟು, ಹಾಕಿಕೊಂಡು ಹಿಮದಲ್ಲಿ ನಡೆಯಬೇಕು ಅಂತ ಆಸೆ. ವಿಡಿಯೊ ನೋಡಿದರೆ ಸುಲಭ ಅನಿಸುತ್ತೆ. ಕೇದಾರಕಂಠ ಒಳ್ಳೆಯದಾ, ಬೇರೆ ಯಾವುದಾದರೂ ಇದೆಯಾ? ಮೊಬೈಲಲ್ಲಿ ಮ್ಯಾಪ್ ಇದೆ. ಗೈಡ್ ಇಲ್ಲದೆ ನಾವೇ ಹೋಗಬಹುದಾ?

ಉತ್ತರ (ಚಾರಣ ಗೈಡ್, ಬಳ್ಳಾರಿ):
ಕೊನೆಯದಕ್ಕೆ ಮೊದಲು ಉತ್ತರ ಕೊಡ್ತೀನಿ. ಬೇಡ. ಮ್ಯಾಪಿನಲ್ಲಿರುವ ಗೆರೆ ಬೇಸಿಗೆಯ ಕಾಲುದಾರಿಯದು. ಜನವರಿಯಲ್ಲಿ ಅದು ಹಿಮದಡಿ ಮುಚ್ಚಿಹೋಗಿರುತ್ತದೆ. ಮೇಲಾಗಿ ಥಂಡಿಗೆ ಫೋನಿನ ಬ್ಯಾಟರಿ ನೋಡನೋಡುತ್ತಲೇ ಇಳಿಯುತ್ತದೆ.

ಇನ್ನು ಸ್ನೋಶೂ. ನೀವು ಭತ್ತದ ಸೀಮೆಯವರು, ಬೇಗ ಅರ್ಥವಾಗುತ್ತೆ. ಕೆಸರುಗದ್ದೆಗೆ ಟ್ರ್ಯಾಕ್ಟರ್ ಇಳಿಸುವಾಗ ಹೂತುಕೊಳ್ಳದಿರಲಿ ಅಂತ ಕೇಜ್‌ವೀಲ್ ಹಾಕ್ತೀರಲ್ಲ? ಸ್ನೋಶೂ ಕೆಲಸವೂ ಅದೇ. ಮೈಭಾರವನ್ನು ಅಗಲಕ್ಕೆ ಹಂಚುತ್ತದೆ, ಅಡಿಯಲ್ಲಿರುವ ಹಲ್ಲುಗಳು ಹಿಡಿತ ಕೊಡುತ್ತವೆ. ಆದರೆ ಕೇಜ್‌ವೀಲ್ ಹಾಕಿಕೊಂಡು ಡಾಂಬರು ರಸ್ತೆಯಲ್ಲಿ ಓಡಿಸುವುದಿಲ್ಲ ಅಲ್ವಾ? ಕೇದಾರಕಂಠದ ಹಾದಿ ಹಾಗೇ ಆಗಿರುತ್ತದೆ. ಸುಮಾರು 12,500 ಅಡಿ ಎತ್ತರದ ಈ ಬೆಟ್ಟಕ್ಕೆ ಚಳಿಗಾಲದಲ್ಲೇ ಜನ ಜಾಸ್ತಿ. ತುಳಿದು ತುಳಿದು ಹಿಮ ಗಟ್ಟಿಯಾಗಿರುತ್ತದೆ. ಅಲ್ಲಿ ಬೇಕಾದ್ದು ಮೈಕ್ರೋಸ್ಪೈಕ್, ಅಂದ್ರೆ ಬೂಟಿಗೆ ತೊಡಿಸುವ ಮುಳ್ಳಿನ ಸರಪಳಿ.

ಸ್ನೋಶೂ ಹಾಕಿಯೇ ನಡೆಯಬೇಕು ಅಂತಿದ್ದರೆ ನನ್ನ ಓಟು ದಯಾರಾ ಬುಗ್ಯಾಲ್‌ಗೆ. ಉತ್ತರಕಾಶಿ ಜಿಲ್ಲೆಯ ರೈಥಲ್ ಅಥವಾ ಬರ್ಸು ಹಳ್ಳಿಯಿಂದ ಹತ್ತುವುದು. ಬುಗ್ಯಾಲ್ ಅಂದ್ರೆ ಎತ್ತರದ ಹುಲ್ಲುಗಾವಲು. ಮೊದಲು ಕಾಡು, ಆಮೇಲೆ ಅಲೆಅಲೆಯಾದ ಬಯಲು. ತುಳಿಯದ ಮೆತ್ತನೆ ಹಿಮ ಸಿಗುತ್ತದೆ. ಬಯಲಿನಲ್ಲಿ ಹೆಚ್ಚಿನ ಕಡೆ ಇಳಿಜಾರು ಸೌಮ್ಯ.

ಹಾದಿ ಆರಿಸುವಾಗ ನಾನು ಹಾದಿಯನ್ನು ನೋಡುವುದು ಕಡಿಮೆ, ಅದರ ಮೇಲೆ ಬಾಗಿ ನಿಂತ ಗುಡ್ಡವನ್ನು ನೋಡುವುದು ಜಾಸ್ತಿ. ನಮ್ಮ ಪೇಪರಿನವರು ಹಿಮ ಬಿದ್ದರೂ ಹಿಮಪಾತ ಅಂತಾರೆ, ಗುಡ್ಡದ ಹಿಮ ಜಾರಿ ಬಂದರೂ ಹಿಮಪಾತ ಅಂತಾರೆ. ಎರಡನೆಯದು ಹಿಮಕುಸಿತ. ಬಹುಪಾಲು ಹಿಮಕುಸಿತ ಶುರುವಾಗುವುದು 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ. ಅದಕ್ಕಿಂತ ಕಡಿದಾಗಿದ್ದರೆ ಹಿಮ ಜಾಸ್ತಿ ನಿಲ್ಲದೆ ಆಗಾಗ ಉದುರುತ್ತಿರುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ಜಾರುವುದು ಅಪರೂಪ. ನೀವು ನಡೆಯುತ್ತಿರುವುದು ಸಪಾಟು ನೆಲ ಇರಬಹುದು. ಮೇಲೆ 35 ಡಿಗ್ರಿಯ ಗುಡ್ಡ ಇದ್ದರೆ ಅಲ್ಲಿಂದ ಬಂದದ್ದು ನಿಮ್ಮ ತಲೆಯ ಮೇಲೇ. ಹಿಮದ ಪದರ ಸಡಿಲವಿದ್ದರೆ ಕೆಳಗೆ ನಡೆದವನ ಭಾರಕ್ಕೂ ಮೇಲಿನದು ಕಳಚಿಕೊಳ್ಳುತ್ತದೆ. ಹಾಗಾಗಿ ಕೊರಕಲು, ಹಳ್ಳದ ದಾರಿ ಬಿಟ್ಟು ಗುಡ್ಡದ ಬೆನ್ನು ಹಿಡಿಯಬೇಕು.

ಪ್ರಶ್ನೆ (ಗಂಗಾವತಿ, ಮತ್ತೆ):
30 ಡಿಗ್ರಿ ಅಂತ ಕಣ್ಣಲ್ಲೇ ಹೇಗೆ ಗೊತ್ತಾಗುತ್ತೆ ಸರ್?

ಉತ್ತರ:
ಮನೆಯ ಮೆಟ್ಟಿಲು ನೆನಪಿಸಿಕೊಳ್ಳಿ. ಅದರ ಓರೆ ಸುಮಾರು 30ರಿಂದ 35 ಡಿಗ್ರಿ. ದಿನಾ ಹತ್ತಿಳಿಯುವ ಆ ಓರೆಯೇ ಹಿಮದಲ್ಲಿ ಅಪಾಯದ ಓರೆ. ಸರಿಯಾಗಿ ಅಳೆಯಬೇಕಾದರೆ ಊರುಗೋಲನ್ನು ಹಿಮದ ಮೇಲೆ ಇಳಿಜಾರಿನ ಉದ್ದಕ್ಕೆ ಮಲಗಿಸಿ, ಅದರ ಮೇಲೆ ಫೋನ್ ಇಟ್ಟು ಓರೆ ಅಳೆಯುವ ಆ್ಯಪ್ ನೋಡಿ.

ದೊಡ್ಡ ಹಿಮ ಬಿದ್ದ ಮೇಲೆ ಒಂದೆರಡು ದಿನ ಸುಮ್ನೆ ಹಳ್ಳಿಯಲ್ಲಿ ಕೂತುಕೊಳ್ಳಿ. ಆಕಾಶ ತೊಳೆದಂತೆ ನೀಲಿಯಾಗಿರುತ್ತೆ, ಕಾಲು ತುರಿಸುತ್ತೆ, ಆದರೂ ಕೂತುಕೊಳ್ಳಿ. ನಡೆಯುವಾಗ ಕಾಲಡಿಯಲ್ಲಿ ಧುಮ್ ಅಂತ ಸದ್ದಾಯಿತು, ಬಿರುಕು ಓಡಿತು ಅಂದ್ರೆ ಒಳಗೆ ಪದರ ಕುಸಿದಿದೆ. ಬಂದ ಹೆಜ್ಜೆಯಲ್ಲೇ ವಾಪಸ್. ಚಂಡೀಗಢದಲ್ಲಿರುವ ರಕ್ಷಣಾ ಇಲಾಖೆಯ ಡಿಜಿಆರ್‌ಇ ಸಂಸ್ಥೆ ಹಿಮಕುಸಿತದ ಮುನ್ಸೂಚನೆ ಕೊಡುತ್ತದೆ, ಹೊರಡುವ ಮುಂಚೆ ನೋಡಿ. ಅಪಾಯವನ್ನು 1ರಿಂದ 5ರವರೆಗೆ ಅಳೆಯುವುದು ರೂಢಿ. 3 ಅಂದ್ರೆ ನಡುವೆ, ಪರವಾಗಿಲ್ಲ ಅನಿಸುತ್ತೆ. ಆಲ್ಪ್ಸ್ ಪರ್ವತದಲ್ಲಿ ಜಾಸ್ತಿ ಜನ ಸಾಯುವುದು ಆ 3ರ ದಿನಗಳಲ್ಲೇ.

ಪ್ರಶ್ನೆ (ಬಳ್ಳಾರಿ):
ಅಣ್ಣ, ನಾನು ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿದ್ದೀನಿ. ದಪ್ಪ ಜೀನ್ಸ್, ಮೇಲೊಂದು ಜರ್ಕಿನ್ ಸಾಕಾಗಲ್ವಾ?

ಉತ್ತರ:
ತಮ್ಮಾ, ನಮ್ಮೂರ ಜೀನ್ಸ್ ಮೇಲೆ ನನಗೂ ಅಭಿಮಾನ ಇದೆ, ಡೆಹ್ರಾಡೂನ್‌ವರೆಗೆ ಹಾಕಿಕೊಂಡು ಬಾ. ಅಲ್ಲಿಂದ ಮೇಲೆ ಬೇಡ. ಹತ್ತಿ ಒದ್ದೆಯಾದರೆ ಬೇಗ ಒಣಗುವುದಿಲ್ಲ, ಮೈಯ ಶಾಖವನ್ನೆಲ್ಲ ಹೀರುತ್ತದೆ. ಬನಿಯನ್, ಕಾಲುಚೀಲಕ್ಕೂ ಇದೇ ಮಾತು. ಒಳಗೆ ಬೆವರು ಹೊರದೂಡುವ ಸಿಂಥೆಟಿಕ್ ಅಥವಾ ಉಣ್ಣೆ, ನಡುವೆ ಫ್ಲೀಸ್ ಅನ್ನುವ ಮೆತ್ತನೆ ಬೆಚ್ಚನೆ ಬಟ್ಟೆ, ಹೊರಗೆ ಗಾಳಿ ನೀರು ತಡೆಯುವ ಜಾಕೆಟ್. ಹತ್ತುವಾಗ ಬೆವರು ಬರುವ ಮುಂಚೆಯೇ ಒಂದು ಪದರ ತೆಗೆ. ನಿಂತ ಕೂಡಲೇ ಹಾಕಿಕೋ. ತಂಪು ಕನ್ನಡಕ ಶೋಕಿಗಲ್ಲ. ಹೊಸ ಹಿಮ ಬಿಸಿಲಿನ ನೇರಳಾತೀತ ಕಿರಣವನ್ನು ಶೇಕಡಾ 80ರವರೆಗೆ ವಾಪಸ್ ಎರಚುತ್ತದೆ. ಕನ್ನಡಕ ಇಲ್ಲದೆ ಒಂದು ಹಗಲು ನಡೆದರೆ ರಾತ್ರಿ ಕಣ್ಣಲ್ಲಿ ಮರಳು ಹಾಕಿದ ಹಾಗಿರುತ್ತದೆ.

ಪ್ರಶ್ನೆ (ರಾಯಚೂರು):
ಸರ್, ನಾನು ಶಾಲೆಯ ಟೀಚರ್, 46 ವರ್ಷ. ಬಿಪಿ ಮಾತ್ರೆ ತಗೋತೀನಿ. ದಿನಾ ಐದು ಕಿಲೋಮೀಟರ್ ವಾಕಿಂಗ್ ಇದೆ. ಎತ್ತರಕ್ಕೆ ಹೋದರೆ ತೊಂದರೆಯಾ? ಎತ್ತರದ ಕಾಯಿಲೆ ತಡೆಯುವ ಡಯಾಮಾಕ್ಸ್ ಮಾತ್ರೆ ತಗೊಂಡರೆ ಆಯ್ತು ಅಂತಾರೆ.

ಉತ್ತರ:
ಮೇಡಂ, ಬಿಪಿ ಮತ್ತು ಮಾತ್ರೆ ಎರಡನ್ನೂ ನಿಮ್ಮ ಡಾಕ್ಟರ್ ಹತ್ತಿರವೇ ಮಾತಾಡಿ. ಸಲ್ಫಾ ಔಷಧಿ ಒಗ್ಗದವರಿದ್ದರೆ ಡಯಾಮಾಕ್ಸ್ ವಿಷಯದಲ್ಲಿ ಅದನ್ನು ಹೇಳಲೇಬೇಕು. ನನ್ನ ಕಡೆಯಿಂದ ಇಷ್ಟು. ರಾಯಚೂರು ಸಮುದ್ರಮಟ್ಟದಿಂದ ಸುಮಾರು 400 ಮೀಟರ್. ಎತ್ತರದ ಕಾಯಿಲೆ, ಅಂದ್ರೆ ತೆಳು ಗಾಳಿಗೆ ಮೈ ಒಗ್ಗದೆ ಬರುವ ತಲೆನೋವು, ವಾಂತಿ, ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ ಶುರು. ವಾಕಿಂಗ್ ಒಳ್ಳೆಯದೇ, ಆದರೆ ಗಟ್ಟಿ ಮೈ ಇದಕ್ಕೆ ತಡೆಯಲ್ಲ. ಪೈಲ್ವಾನರೂ ವಾಂತಿ ಮಾಡಿಕೊಂಡು ಕೂತದ್ದನ್ನು ನೋಡಿದ್ದೀನಿ. 3,000 ಮೀಟರ್ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು. ಎರಡೇ ದಿನದಲ್ಲಿ ಶಿಖರ ಅಂತ ಪ್ಯಾಕೇಜ್ ಮಾರುವವರನ್ನು ಬಿಡಿ, ಕೆಳಗಿನ ಹಳ್ಳಿಯಲ್ಲಿ ಒಂದು ರಾತ್ರಿ ಜಾಸ್ತಿ ಇರಿ. ತಲೆನೋವಿನ ಜೊತೆ ತೂರಾಡುವುದು, ಕೂತರೂ ಏದುಸಿರು ಬಂದರೆ ಬೆಳಗಾಗಲಿ ಅಂತ ಕಾಯಬಾರದು. ಆಗಲೇ ಕೆಳಗೆ ಇಳಿಸಬೇಕು.

ಪ್ರಶ್ನೆ (ಕೊಪ್ಪಳ):
ಎಲ್ಲದಕ್ಕೂ ಗೈಡ್ ಬೇಕು ಅಂತೀರಿ. 2024ರ ಜೂನಿನಲ್ಲಿ ಉತ್ತರಾಖಂಡದ ಸಹಸ್ರತಾಲ್‌ಗೆ ಹೋದ ತಂಡದಲ್ಲಿ ನಮ್ಮ ಕರ್ನಾಟಕದ 9 ಜನ ಹಿಮಗಾಳಿಗೆ ಸಿಕ್ಕಿ ತೀರಿಕೊಂಡರಲ್ಲ. ಅವರ ಜೊತೆಗೂ ಗೈಡ್ ಇದ್ದರು.

ಉತ್ತರ:
ನಿಜ. ಅದು ಚಳಿಗಾಲವೂ ಅಲ್ಲ, ಜೂನ್ ತಿಂಗಳು. ಆ ಸುದ್ದಿ ಬಂದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಲ್ಲಿ ಏನು ತಪ್ಪಾಯಿತು ಅಂತ ಇಲ್ಲಿ ಕೂತು ತೀರ್ಪು ಕೊಡಲಾರೆ. ನನ್ನದೇ ತಪ್ಪು ಹೇಳ್ತೀನಿ.

ಗೈಡ್ ಆದ ಹೊಸತು. ಮಧ್ಯಾಹ್ನ 12ಕ್ಕೆ ಎಲ್ಲಿದ್ದರೂ ತಿರುಗಬೇಕು ಅಂತ ಬೆಳಗ್ಗೆ ನಾನೇ ಹೇಳಿದ್ದೆ. 12 ಆದಾಗ ತುದಿ ಕಾಣುತ್ತಿತ್ತು. ಅಷ್ಟು ದೂರದಿಂದ ಬಂದವರು, ಪಾಪ, ಇನ್ನೊಂದು ಗಂಟೆ ಅಂದುಕೊಂಡೆ. ಎರಡಕ್ಕೆ ಮೋಡ ಇಳಿಯಿತು. ಇಳಿಯುವಾಗ ಹುಡುಗನೊಬ್ಬ, ಬೆಳಗಿನಿಂದ ಬಾಯಿ ಮುಚ್ಚದೆ ಹರಟಿದವನು, ಸುಮ್ಮನಾದ. ಸುಸ್ತು ಅಂದುಕೊಂಡೆ. ಕೈಗವಸಿನ ಪಟ್ಟಿ ಹಾಕಲು ಬರುತ್ತಿಲ್ಲ, ಮಾತು ತೊದಲುತ್ತಿದೆ ಅಂತ ನೋಡಿದಾಗ ಅರ್ಥವಾಯಿತು. ಮೈಯ ಶಾಖ ಇಳಿಯುತ್ತಿತ್ತು. ಬಂಡೆಯ ಮರೆಯಲ್ಲಿ ಮ್ಯಾಟ್ ಹಾಸಿ, ಒದ್ದೆ ಬಟ್ಟೆ ಬಿಚ್ಚಿ, ಒಣಗಿದ್ದು ಹಾಕಿ, ಸ್ಲೀಪಿಂಗ್ ಬ್ಯಾಗಿಗೆ ತೂರಿಸಿ, ಬಿಸಿ ಸಕ್ಕರೆ ನೀರು ಕುಡಿಸಿದೆವು. ಉಳಿದುಕೊಂಡ. ನಡುಕ ನಿಂತುಹೋದ ಮೇಲೆ ನೋಡಿದ್ದರೆ ಕಥೆ ಬೇರೆ ಇತ್ತು. ಯಾರೋ ರಮ್ ಕೊಡೋಣ ಅಂದರು. ಅದು ರಕ್ತನಾಳ ಹಿಗ್ಗಿಸಿ ಇನ್ನಷ್ಟು ಶಾಖ ಕಳೆಯುತ್ತದೆ.

ಅದಕ್ಕೇ ಗೈಡ್ ಇದ್ದಾರಾ ಅಂತ ಮಾತ್ರ ಕೇಳಬೇಡಿ. ಎಷ್ಟು ಗಂಟೆಗೆ ತಿರುಗಿಸ್ತೀರಿ ಅಂತ ಕೇಳಿ. ಹಿಂದಿನ ಸೀಸನ್‌ನಲ್ಲಿ ಎಷ್ಟು ಸಲ ತುದಿ ಮುಟ್ಟದೆ ವಾಪಸ್ ಬಂದಿರಿ ಅಂತ ಕೇಳಿ. ಒಂದು ಸಲವೂ ಇಲ್ಲ ಅಂದವರಿಗೆ ದುಡ್ಡು ಕಟ್ಟಬೇಡಿ. ಹಿಮದಡಿ ಹೂತವರನ್ನು ಹುಡುಕಲು ಮೈಗೆ ಕಟ್ಟಿಕೊಳ್ಳುವ ಸಿಗ್ನಲ್ ಯಂತ್ರ ಬೀಕನ್, ಚುಚ್ಚಿ ನೋಡುವ ಉದ್ದ ಸರಳು, ಅಗೆಯುವ ಸಲಿಕೆ ಇದೆಯಾ, ಅದರ ಅಭ್ಯಾಸ ಮಾಡಿಸ್ತಾರಾ ಅಂತಲೂ ಕೇಳಿ. ಹೂತವರಿಗೆ ಸಿಗುವುದು ಹತ್ತು ಹದಿನೈದು ನಿಮಿಷ. ಊರಿಂದ ಸಹಾಯ ಬರುವಷ್ಟರಲ್ಲಿ ಆ ಹೊತ್ತು ಮುಗಿದಿರುತ್ತದೆ.

ಪ್ರಶ್ನೆ (ಗಂಗಾವತಿ):
ದಯಾರಾನೇ ಅಂತ ಮಾಡಿದ್ವಿ ಸರ್, ಹಳ್ಳಿಯ ಗೈಡ್ ಜೊತೆ. ರಾಯಚೂರಿಂದ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ದೆಹಲಿ. ಸ್ನೋಶೂ ಕೊಂಡುಬಿಡೋಣವಾ?

ಉತ್ತರ:
ಗಂಗಾವತಿಯಲ್ಲಿ ಅದನ್ನು ಹಾಕಿಕೊಂಡು ಎಲ್ಲಿ ಓಡಾಡ್ತೀರಿ? ಬಾಡಿಗೆಗೆ ತಗೊಳ್ಳಿ, ಸಿಗುತ್ತಾ ಅಂತ ಗೈಡ್ ಹತ್ತಿರ ಮೊದಲೇ ಖಾತ್ರಿ ಮಾಡಿಕೊಳ್ಳಿ. ಅಲ್ಲಿಯವರೆಗೆ ವಾರಕ್ಕೆ ಮೂರು ದಿನ ಬೆನ್ನಿಗೆ ಎಂಟು ಕಿಲೋ ಚೀಲ ಹಾಕಿ ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಇಳಿಯಿರಿ. ಶೇಂಗಾ ಚಿಕ್ಕಿ ಜಾಸ್ತಿ ಕಟ್ಟಿಕೊಳ್ಳಿ, ಥಂಡಿಯಲ್ಲಿ ಊಟ ಸೇರದಿದ್ದರೂ ಅದು ಸೇರುತ್ತೆ. ನೀರಿನ ಬಾಟಲಿಯನ್ನು ಚೀಲದಲ್ಲಿ ತಲೆಕೆಳಗಾಗಿ ಇಡಿ. ನೀರು ಮೇಲಿಂದ ಹೆಪ್ಪುಗಟ್ಟುತ್ತದೆ, ಹಾಗೆ ಇಟ್ಟರೆ ಮುಚ್ಚಳದ ಬಾಯಿ ಕಟ್ಟಿಕೊಳ್ಳಲ್ಲ.